ಡೋರಿಯನ್ ಗ್ರೇಯ ಚಿತ್ರಪಟದಾಗ ಏಳು ಪಾಪ ಹೆಂಗ ಹುಡುಕೂದು?

ಸಪ್ತಾಪುರ ಓದುಗ, ಧಾರವಾಡ:
ಎಂ.ಎ. ಸೆಮಿನಾರಿಗೆ ಆಸ್ಕರ್ ವೈಲ್ಡ್‌ನ 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ' ಕಾದಂಬರಿಯಲ್ಲಿ ಕ್ರೈಸ್ತರ ಏಳು ಮಹಾಪಾಪಗಳ ಸಂಕೇತ ಅನ್ನೋ ವಿಷಯ ಬಂದಿದೆ. ಪಾತ್ರಕ್ಕೊಂದು ಪಾಪ ಹಂಚಿ ನೋಡಿದೆ: ಡೋರಿಯನ್‌ಗೆ ಅಹಂಕಾರ, ಅವನ ಗೆಳೆಯ ಲಾರ್ಡ್ ಹೆನ್ರಿಗೆ ಆಲಸ್ಯ, ಡೋರಿಯನ್ ಪ್ರೀತಿಸಿ ಕೈಬಿಟ್ಟ ನಟಿಯ ತಮ್ಮ ಜೇಮ್ಸ್ ವೇನ್‌ಗೆ ಕ್ರೋಧ. ಡೋರಿಯನ್‌ನ ಪಟ ಬರೆದ ಚಿತ್ರಕಾರ ಬ್ಯಾಸಿಲ್‌ಗೆ ಯಾವುದೂ ಕೂಡ್ತಿಲ್ಲ. ಹೊಟ್ಟೆಬಾಕತನ ಎಲ್ಲೂ ಸಿಗ್ತಿಲ್ಲ. ಅರಿಷಡ್ವರ್ಗದ ಜೊತೆ ಹೋಲಿಸಿದ್ರೆ ತಪ್ಪಾಗುತ್ತಾ? ನನ್ನ ಹತ್ರ ಇರೋ ಪ್ರತಿಯಲ್ಲಿ 13 ಅಧ್ಯಾಯ ಅಷ್ಟೇ ಇವೆ. ಜೇಮ್ಸ್ ವೇನ್‌ನ ಕಥೆ ವಿಮರ್ಶೆಯಲ್ಲಿ ಓದಿದ್ದು, ನನ್ನ ಪ್ರತಿಯಲ್ಲಿ ಇಲ್ಲವೇ ಇಲ್ಲ.

ಬೆಟಗೇರಿ ಮಾಸ್ತರ, ಗದಗ:
ಮೊದಲ ಪ್ರತಿ ಬದಲಿಸ್ರಿ. ನಿಮ್ಮ ಕೈಯಾಗ ಇರೂದು 1890ರ ಜುಲೈದಾಗ ಲಿಪಿಂಕಾಟ್ಸ್ ಮಾಸಪತ್ರಿಕೆಯೊಳಗ ಬಂದ ಪಾಠ. ಮರುವರ್ಷ ಪುಸ್ತಕ ಆಗಿ ಬಂದಾಗ ವೈಲ್ಡ್ ಅದನ್ನ 20 ಅಧ್ಯಾಯಕ್ಕ ಬೆಳೆಸಿದ, ಮುನ್ನುಡಿ ಸೇರಿಸಿದ, ಜೇಮ್ಸ್ ವೇನ್‌ನ ಸೇಡಿನ ಎಳಿ ಹೆಣದ. ಡೋರಿಯನ್ ಬ್ಯಾಸಿಲ್‌ನ ಕೊಲ್ಲೂ ಹೊತ್ತಿನ ವಯಸ್ಸು ಸುದ್ದಾ ಒಂದ್ರಾಗ 32, ಇನ್ನೊಂದ್ರಾಗ 38ರ ಹೊಸ್ತಿಲು. ಯಾವ ಪಾಠ ಅಂತ ಮೊದಲ ಪುಟದಾಗ ಬರೀಲಿಲ್ಲಂದ್ರ ನಿಮ್ಮ ಅಧ್ಯಾಯದ ಸಂಖ್ಯೆ ಎಲ್ಲಾ ತಪ್ಪಾಗಿ ಕಾಣ್ತಾವ. ನಾ ಮುಂದ ಹೇಳೂದು 20 ಅಧ್ಯಾಯದ ಲೆಕ್ಕ.

ಪಾತ್ರಕ್ಕೊಂದು ಪಾಪ ಹಂಚೂದು ಬಿಡ್ರಿ. ಈ ಕಾದಂಬರಿಯೊಳಗ ಪಾಪ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟತೈತಿ. 2ನೇ ಅಧ್ಯಾಯ ನಿಧಾನಕ್ಕ ಓದ್ರಿ. ಹರೆ ಎಷ್ಟು ದಿನದ್ದು ಅಂತ ಹೆನ್ರಿ ಮಾತಾಡ್ತಾನ. ಆಮ್ಯಾಲೆ ಡೋರಿಯನ್ ಪಟದ ಮುಂದ ನಿಂತು ತಾನು ಚೆಲುವ ಅಂತ ಮೊದಲನೇ ಸಲ ತಿಳಕೋತಾನ, ಅದು ಅಹಂಕಾರದ ಮೊಳಕೆ. ಹಿಂದನೇ ತನ್ನ ಪಟದ ಮ್ಯಾಲೆ ಅವಗ ಹೊಟ್ಟೆಕಿಚ್ಚು ಬರತೈತಿ: ಅದು ಮುಪ್ಪಾಗಂಗಿಲ್ಲ, ತಾ ಆಗ್ತಾನ. ತಾ ಹರೇದಾಗ ಉಳೀಲಿ, ಮುಪ್ಪು ಪಟಕ್ಕ ಬರಲಿ ಅನ್ನೂ ಹರಕೆಯಂಥ ಆ ಮಾತು ಹುಟ್ಟೂದು ಈ ಮತ್ಸರದೊಳಗ. ಬಹಳ ಮಂದಿ ಅಹಂಕಾರಕ್ಕ ನಿಂತುಬಿಡ್ತಾರ, ಕಥಿ ಮುಂದ ನಡೆಸೂದು ಮತ್ಸರ. ಇಲ್ಲಿ ಸೈತಾನ ಬಂದು ಕರಾರು ಬರಸ್ಕೊಂಡ ಅಂತ ಮಾತ್ರ ಬರೀಬ್ಯಾಡ್ರಿ. ಹಂಗ ಯಾರೂ ಬರೂದಿಲ್ಲ, ಬರೇ ಒಂದು ಹಾರೈಕೆ ಐತಿ.

ಹೊಟ್ಟೆಬಾಕತನ ಊಟದ ಮೇಜಿನ ಮ್ಯಾಲೆ ಹುಡುಕಿದ್ರ ಸಿಗಂಗಿಲ್ಲ. 11ನೇ ಅಧ್ಯಾಯಕ್ಕ ಹೋಗ್ರಿ. ಸುಗಂಧ, ವಾದ್ಯ, ರತ್ನ, ಕಸೂತಿ, ಪಾದ್ರಿಗಳ ನಿಲುವಂಗಿ, ಒಂದು ಮುಗೀತಂದ್ರ ಇನ್ನೊಂದು. ಉಣಿಸಿದಷ್ಟೂ ಹಸಿವು ಹೆಚ್ಚಾಗ್ತಿತ್ತು ಅಂತ ವೈಲ್ಡ್ ಅಲ್ಲೇ ಹೇಳ್ಯಾನ. ಹೆನ್ರಿ ಕೊಟ್ಟ ಒಂದೇ ಪುಸ್ತಕದ ಒಂಬತ್ತು ಪ್ರತಿ ಪ್ಯಾರಿಸ್‌ನಿಂದ ತರಿಸಿ ಬ್ಯಾರೆ ಬ್ಯಾರೆ ಬಣ್ಣದ ರಟ್ಟು ಕಟ್ಟಿಸ್ತಾನ. ಲೋಭ, ಹೊಟ್ಟೆಬಾಕತನ ಎರಡೂ ಆ ಒಂಬತ್ತರೊಳಗ ಅದಾವ.

ಆಲಸ್ಯ ಅಂದ್ರ ಮೈಗಳ್ಳತನ ಅಲ್ಲ. ಮರುಭೂಮಿಯ ಹಳೇ ಸನ್ಯಾಸಿಗಳು ಅದನ್ನ ಮಟಮಟ ಮಧ್ಯಾಹ್ನದ ಭೂತ ಅಂತಿದ್ರು. ಯಾವುದ್ರಾಗೂ ರುಚಿ ಇಲ್ಲದ ಬ್ಯಾಸರ ಅದು. 18ನೇ ಅಧ್ಯಾಯದಾಗ ಕ್ಷಮೆ ಇಲ್ಲದ ಪಾಪ ಅದೊಂದೇ ಅಂತ ಹೆನ್ರಿನೇ ಅಂತಾನ. ಅದನ್ನ ಬಿಡದೆ ಬರೀರಿ.

ಏಲಕ್ಕಿ ಹಾರ, ಹಾವೇರಿ:
ಅರಿಷಡ್ವರ್ಗದ ಹೋಲಿಕೆ ಖಂಡಿತ ಮಾಡಿ, ಆದರೆ ಎಲ್ಲಿ ಕೂಡುವುದಿಲ್ಲವೋ ಅದನ್ನೇ ದೊಡ್ಡದು ಮಾಡಿ. ಕಾಮ, ಕ್ರೋಧ, ಲೋಭ, ಮದ, ಮತ್ಸರ ಐದೂ ಎರಡು ಪಟ್ಟಿಯಲ್ಲಿವೆ. ಹೊಟ್ಟೆಬಾಕತನ, ಆಲಸ್ಯ ನಮ್ಮ ಆರರಲ್ಲಿಲ್ಲ. ನಮ್ಮ ಮೋಹ ಅವರ ಏಳರಲ್ಲಿಲ್ಲ. ಬ್ಯಾಸಿಲ್ ನಿಮಗೆ ಕೂಡದೇ ಇರುವುದು ಇದಕ್ಕೇ. ಅವನದು ಮೋಹ. ಸಾಯುವ ಮುಂಚೆ 13ನೇ ಅಧ್ಯಾಯದಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ: ನಾನು ನಿನ್ನನ್ನು ಅತಿಯಾಗಿ ಪೂಜಿಸಿದೆ, ನೀನು ನಿನ್ನನ್ನೇ ಪೂಜಿಸಿಕೊಂಡೆ, ಇಬ್ಬರಿಗೂ ಶಿಕ್ಷೆಯಾಯಿತು ಎಂದು.

ಸಪ್ತಾಪುರ ಓದುಗ, ಧಾರವಾಡ:
ಬ್ಯಾಸಿಲ್ ವಿಷಯ ಈಗ ಬಗೆಹರೀತು. ಹಾಗಾದ್ರೆ ಡೋರಿಯನ್ ತಪ್ಪು ಮಾಡಿದ ಮೇಲೆ ಪಟದಲ್ಲಿ ಕಾಣೋ ಒಂದೊಂದು ಬದಲಾವಣೆಗೂ ಒಂದೊಂದು ಪಾಪದ ಹೆಸರು ಬರೀಬಹುದಾ?

ಬೆಟಗೇರಿ ಮಾಸ್ತರ, ಗದಗ:
ಅಲ್ಲೇ ಎಡವತಾರ ನೋಡ್ರಿ. ಪಟದ ಮ್ಯಾಲೆ ಮೊದಲ ಕಾಣೂದು 7ನೇ ಅಧ್ಯಾಯದಾಗ, ನಟಿ ಸಿಬಿಲ್‌ನ ತಿರಸ್ಕಾರ ಮಾಡಿ ಮನಿಗೆ ಬಂದಾಗ. ತುಟಿಯ ಹತ್ತಿರ ಕ್ರೌರ್ಯದ ಗೆರಿ. ಕಡೀಕ ಕಾಣೂದು 20ನೇದ್ರಾಗ, ಹಳ್ಳಿ ಹುಡುಗಿ ಹೆಟ್ಟಿಯನ್ನ ಕೆಡಿಸದೆ ಬಿಟ್ಟೆ, ಪಟ ಸುಧಾರಿಸಿರತೈತಿ ಅಂತ ಹೋಗಿ ನೋಡಿದಾಗ. ಕಣ್ಣಾಗ ಕಪಟ, ಬಾಯಾಗ ಸೋಗಲಾಡಿಯ ಸುಕ್ಕು, ಕೈಮ್ಯಾಲಿನ ರಕ್ತದ ಕಲೆ ಇನ್ನೂ ಕೆಂಪು. ಕ್ರೌರ್ಯ, ಸೋಗು ಎರಡೂ ಏಳರ ಪಟ್ಟಿಯಾಗ ಇಲ್ಲ. ಪಟ ಬಾಯಿ ಬಿಡೂದು ಪಟ್ಟಿ ಮುಗದ ಕಡೆ. ನಿಮ್ಮ ಪ್ರಬಂಧದ ವಾದ ಇದ ಆಗಲಿ.

ಕನ್ನಡಿ ಬಿಡಬ್ಯಾಡ್ರಿ. ಹೆನ್ರಿ ಕೊಟ್ಟದ್ದು, ಅಂಡಾಕಾರ, ಸುತ್ತ ದಂತದ ಮನ್ಮಥರು. 7ನೇದ್ರಾಗ ಅದನ್ನ ಕೈಗೆ ತಗೊಂಡು ತನ್ನ ತುಟಿಗೆ ಆ ಗೆರಿ ಇಲ್ಲ ಅಂತ ನೋಡ್ಕೋತಾನ, 20ನೇದ್ರಾಗ ನೆಲಕ್ಕ ಒಗದು ಹಿಮ್ಮಡದಿಂದ ಪುಡಿ ಮಾಡ್ತಾನ. ಅಹಂಕಾರಕ್ಕ ಹಳೇ ಚಿತ್ರಗಳೊಳಗ ಕನ್ನಡಿನೇ ಗುರುತು.

ಏಲಕ್ಕಿ ಹಾರ, ಹಾವೇರಿ:
ಮಾಸ್ತರ ಮಾತಿಗೆ ಒಂದು ಸೇರಿಸುತ್ತೇನೆ. ಬಸವಣ್ಣನ 'ಕಳಬೇಡ ಕೊಲಬೇಡ' ವಚನದಲ್ಲಿ ಬೇಡಗಳನ್ನು ಎಣಿಸಿ, ಏಳೇ ಇವೆ. 'ಹುಸಿಯ ನುಡಿಯಲು ಬೇಡ', 'ತನ್ನ ಬಣ್ಣಿಸಬೇಡ' ಎರಡೂ 20ನೇ ಅಧ್ಯಾಯದ ಡೋರಿಯನ್‌ಗೆ ನೇರ ತಾಗುತ್ತವೆ. ವೈಲ್ಡ್ ಇದನ್ನು ಓದಿದ್ದ ಎಂಬಂತೆ ಬರೆಯಬೇಡಿ, ಅದು ನಮ್ಮ ಓದಿನ ಹೋಲಿಕೆ ಅಷ್ಟೇ. ಆದರೆ ವಚನ ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ ಎರಡನ್ನೂ ಒಂದೇ ಉಸಿರಲ್ಲಿ ಹೇಳುತ್ತದೆ. ಡೋರಿಯನ್ ಅವೆರಡನ್ನೂ ಬೇರೆ ಮಾಡಿ, ಒಂದನ್ನು ಬೀದಿಯಲ್ಲಿ ಮೆರೆಸಿ ಇನ್ನೊಂದನ್ನು ಮಾಳಿಗೆಯ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾನೆ.