ಗೋಲಿ ಹೋದ ದಿಕ್ಕು

ಬಸವನಗುಡಿಯ ಹಳೇ ಮನೆ. ಹಜಾರ 12 ಅಡಿಗೆ 10 ಅಡಿ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಮಾಡಿದ ರೆಡ್ ಆಕ್ಸೈಡ್ ನೆಲ. ಬಾಗಿಲಿಂದ ಅಡುಗೆಮನೆ ಕಡೆಗೆ ಒಂದು ಬಿರುಕು, ನಕ್ಷೆಯಲ್ಲಿ ಕಾವೇರಿ ಹರಿದ ಹಾಗೆ, ಅಲ್ಲಲ್ಲಿ ಉಪನದಿ ಸಮೇತ. ಅದರ ಮೇಲೇ ಚಾಪೆ ಹಾಕಿ ಕೂತಿದ್ದ ಗುಂಡಣ್ಣನ ಕೈಯಲ್ಲಿ ಟೈಲ್ಸ್ ಅಂಗಡಿಯ ಕ್ಯಾಟಲಾಗು, ಮದುವೆ ಆಲ್ಬಮ್ಮಿನಷ್ಟು ದಪ್ಪ.

"ಐವರಿ ಕ್ರೀಮೋ, ಕ್ರೀಮ್ ಐವರಿಯೋ? ಅಷ್ಟು ಹೇಳ್ಬಿಡಿ, ನಾಳೆ ಬುಕ್ ಮಾಡ್ತೀನಿ."

"ಎರಡೂ ಒಂದೇ ಕಣಯ್ಯ, ರೇಟ್ ಮಾತ್ರ ಬೇರೆ," ಅಂದ ಶೀನಿ.

ಪದ್ಮಕ್ಕ ಕ್ಯಾಟಲಾಗ್ ಕಡೆ ಕಣ್ಣೇ ಹಾಯಿಸಲಿಲ್ಲ. "ಬಣ್ಣ ಆಮೇಲೆ. ಒಂದು ಗೋಲಿ, ಒಂದು ಐದು ರೂಪಾಯಿ ನಾಣ್ಯ, ಎರಡಡಿ ಚದರದ ಪ್ಲಾಸ್ಟಿಕ್ ಹಾಳೆ, ಒಂದು ಸೀಮೆಸುಣ್ಣ. ತನ್ನಿ."

"ಇದೇನಕ್ಕಾ, ನೆಲ ಹಾಕ್ಸೋದೋ ಮಾಟ ತೆಗ್ಸೋದೋ?"

"ಹಳೇ ಮನೇಲಿ ಎರಡಕ್ಕೂ ಬುಡ ನೋಡ್ಲೇಬೇಕು."

ನಾಣ್ಯದ ಅಂಚಿಂದ ಪದ್ಮಕ್ಕ ಗೇಣಿಗೊಂದು ಕಡೆ ನೆಲ ತಟ್ಟುತ್ತಾ ಹೋದಳು. ಟಣ್, ಟಣ್, ಟಣ್. ಅಡುಗೆಮನೆ ಗೋಡೆ ಹತ್ತಿರ ಬಂದಾಗ ಡಬ್. ಪಕ್ಕದಲ್ಲೂ ಡಬ್. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಬಿತ್ತು. ಡಬ್ ಅಂದ್ರೆ ಮೇಲಿನ ಪದರ ತಳ ಬಿಟ್ಟಿದೆ, ಇಲ್ಲವೇ ಕೆಳಗಿನ ಮಣ್ಣು ಕುಸಿದು ಪೊಳ್ಳಾಗಿದೆ. ಅದರ ಮೇಲೆ ಯಾವ ದೇಶದ ಟೈಲ್ ಅಂಟಿಸಿದರೂ ಅದೂ ಜೊತೆಗೇ ಡಬ್ ಅನ್ನುತ್ತೆ.

"ಮಧ್ಯದಲ್ಲೆಲ್ಲ ಗಟ್ಟಿ ಇದ್ಯಲ್ಲ. ಅದರ ಮೇಲೇ ಅಂಟಿಸ್ಬಿಡೋಣ. ಅಗೆಯೋ ರಗಳೆ ಬೇಡ," ಅಂದ ಗುಂಡಣ್ಣ.

"ಅಂಟಿಸಬಹುದು. ಆದ್ರೆ ಎಷ್ಟು ವರ್ಷದಿಂದ ಈ ನೆಲಕ್ಕೆ ಮೇಣದ ಪಾಲಿಶು, ಕೊಬ್ಬರಿ ಎಣ್ಣೆ ಕುಡ್ಸಿದೀರಿ? ಎಣ್ಣೆ ತಲೆ ಮೇಲೆ ಬ್ಯಾಂಡೇಜ್ ನಿಲ್ಲುತ್ತಾ? ಗ್ರೈಂಡರ್‌ನಲ್ಲಿ ಮೇಲಿನ ಹೊಳಪೆಲ್ಲ ಕೆರೆದು, ಒರಟು ಮಾಡಿ, ಧೂಳು ತೆಗೆದ ಮೇಲೇ ಅಂಟು. ಇನ್ನು ಟೈಲ್ 9 ಮಿ.ಮೀ., ಅಂಟು 4-5 ಮಿ.ಮೀ. ಒಟ್ಟು 13-14 ಮಿ.ಮೀ. ನೆಲ ಏರುತ್ತೆ. ನಿಮ್ಮ ತೇಗದ ಬಾಗಿಲಿಗೂ ನೆಲಕ್ಕೂ ಎಷ್ಟು ಸಂದಿ ಇದೆ?"

ಗುಂಡಣ್ಣ ಕಿರುಬೆರಳು ತೂರಿಸಿ ನೋಡಿದ. ತೂರಲಿಲ್ಲ.

"ಬಾಗಿಲು ಕೊಯ್ಬೇಕು. ಮಹಡಿ ಮೆಟ್ಟಿಲಿನ ಮೊದಲ ಹೆಜ್ಜೆ ಅರ್ಧ ಇಂಚು ಗಿಡ್ಡ ಆಗುತ್ತೆ. ಮೆಟ್ಟಿಲೆಷ್ಟು ಎತ್ತರ ಅಂತ ಕಾಲು ಬಾಯಿಪಾಠ ಮಾಡ್ಕೊಂಡಿರುತ್ತೆ, ಮೊದಲನೇ ದಿನಾನೇ ಎಡವುತ್ತೆ."

"ಹೊಸ್ತಿಲು ತುಳೀಬಾರ್ದು ಅಂತಿದ್ರು ಅಜ್ಜಿ. ಇನ್ನು ತುಳಿಯೋಕೆ ಹೊಸ್ತಿಲೇ ಉಳಿಯಲ್ಲ," ಅಂದ ಶೀನಿ.

"ಹಂಗಾದ್ರ ಅಗೆದ್ ತೆಗೀರಿ," ಅಂದ ಕಲಬುರಗಿಯ ಬಸಣ್ಣ, ಅವಲಕ್ಕಿ ತಟ್ಟೆ ತನ್ನ ಕಡೆ ಎಳಕೊಂಡು.

"ತೆಗೀರಿ ಅನ್ನೋದು ಸುಲಭ ಬಸಣ್ಣ. 120 ಚದರಡಿ, ಮೂರಿಂಚು ದಪ್ಪ ಅಂದ್ರೆ 30 ಘನ ಅಡಿ. ಹತ್ತಿರ ಹತ್ತಿರ ಪೌಣೆರಡು ಟನ್. ಸಿಮೆಂಟ್ ಚೀಲಕ್ಕೆ 35-40 ಕೆ.ಜಿ. ತುಂಬಿದ್ರೆ 45-50 ಚೀಲ. ಅಷ್ಟನ್ನೂ ಹೊರಗೆ ಹೊತ್ತು ಹಾಕ್ಬೇಕು. ಫುಟ್‌ಪಾತ್ ಮೇಲೆ ಸುರಿದ್ರೆ ದಂಡ. ಜೊತೆಗೆ ಇದು ಸುಣ್ಣದ ಗಾರೆಯ ಗೋಡೆ. ದೊಡ್ಡ ಬ್ರೇಕರ್ ಮೆಷಿನ್ ತಂದು ಗಡಗಡ ಅನ್ನಿಸಿದ್ರೆ ನೆಲದ ಜೊತೆ ಗೋಡೆಯ ಗಿಲಾವೂ ಕೆಳಗೆ. ಗೋಡೆಯಿಂದ ಒಂದಡಿ ಜಾಗ ಉಳಿ-ಸುತ್ತಿಗೆಯಲ್ಲೇ ಆಗ್ಬೇಕು."

ಹೀಗೆ ಏರಿಸಿದರೂ ಕಷ್ಟ, ಇಳಿಸಿದರೂ ಕಷ್ಟ ಅಂತ ಆದಾಗ ಎಲ್ಲರೂ ತಂತಮ್ಮ ಊರಿನ ನೆಲ ಹೊಗಳೋಕೆ ಶುರು ಮಾಡಿದರು. ಹರಟೆಯ ನಿಯಮವೇ ಅದು.

"ಪರ್ಸಿ ಕಲ್ಲ ಹಾಕ್ರಿ. ಶಹಾಬಾದ್ ಕಲ್ಲು. ಬ್ಯಾಸಿಗ್ಯಾಗ ಮ್ಯಾಲೆ ಮಲಗಿದ್ರ ಏಸಿ ಬ್ಯಾಡ್ರಿ," ಅಂದ ಬಸಣ್ಣ.

"ಕಲ್ಲು ಬಂಗಾರ. ಆದ್ರೆ ಒಂದು ಚಪ್ಪಡಿ 20 ಮಿ.ಮೀ. ಇದ್ರೆ ಪಕ್ಕದ್ದು 30. ಅದಕ್ಕೆ ತೆಳು ಅಂಟು ಆಗಲ್ಲ, ದಪ್ಪ ಗಾರೆಯ ಹಾಸೇ ಬೇಕು. ನಿಮ್ಮ ಪೌಣೆರಡು ಟನ್ ಅಗೆತ ತಪ್ಪಲ್ಲ. ಇನ್ನೊಂದು, ಅದು ಸುಣ್ಣಕಲ್ಲು. ಬಚ್ಚಲು ತೊಳೆಯೋ ಆಸಿಡ್ ಬಿದ್ರೆ ಸೋಡಾ ಥರ ನೊರೆ ಬಂದು ಕಲ್ಲೇ ಕರಗುತ್ತೆ. ಕೋಟಾ ಕಲ್ಲಿಗೂ ಅದೇ ಗತಿ."

"ಆಸಿಡ್ ಯಾಕ್ ಹಾಕ್ತಾರ್ರಿ ಮತ್ತ?"

"ಗಾರೆ ಕೆಲಸದೋರೇ ಹಾಕ್ತಾರೆ. ಕೆಲಸ ಮುಗಿದ ದಿನ ಸಿಮೆಂಟ್ ಕಲೆ ತೆಗೀತೀನಿ ಅಂತ."

ಮಂಗಳೂರಿನ ಭಟ್ರಿಗೆ ಇನ್ನು ತಡೆಯೋಕೆ ಆಗಲಿಲ್ಲ. "ಎಂತ ಮಾರಾಯ್ರೆ, ನಮ್ಮ ಮಣ್ಣಿನ ಬಿಲ್ಲೆ ಮರೆತದ್ದಾ? ಬಾಸೆಲ್ ಮಿಶನ್ ಪಾದ್ರಿಗಳು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮಾಡಿಗೆ ಹಂಚು, ನೆಲಕ್ಕೆ ಬಿಲ್ಲೆ, ಎರಡೂ ಉಂಟು."

"ಚೆಂದ ಉಂಟು ಭಟ್ರೆ. ಅಡುಗೆಮನೇಲಿ ಮಾತ್ರ ಬೇಡ, ಎಣ್ಣೆ ಬಿದ್ರೆ ಕುಡಿದು ಕೂತ್ಕೊಳ್ಳುತ್ತೆ. ಆ ಬಿಲ್ಲೇನ ಹಾಕೋ ಮುಂಚೆ ನೀರಲ್ಲಿ ನೆನೆಸ್ಬೇಕು, ಇಲ್ದಿದ್ರೆ ಗಾರೆಯ ನೀರನ್ನೆಲ್ಲ ಹೀರಿ ಗಾರೆ ಪುಡಿ ಆಗುತ್ತೆ. ತಮಾಷೆ ಏನು ಗೊತ್ತಾ, ಅದೇ ಅಭ್ಯಾಸದಲ್ಲಿ ಮೇಸ್ತ್ರಿಗಳು ಗಾಜಿನ ಹಾಗೆ ಬಿಗಿಯಾಗಿ ಸುಟ್ಟ ವಿಟ್ರಿಫೈಡ್ ಟೈಲನ್ನೂ ತೊಟ್ಟೀಲಿ ನೆನೆಸಿಡ್ತಾರೆ. ಅದು ನೀರು ಕುಡಿಯೋದು ತನ್ನ ತೂಕದ 0.5 ಶೇಕಡಕ್ಕಿಂತ ಕಡಿಮೆ. ಏಕಾದಶಿ ಹಿಡಿದೋರಿಗೆ ಹೋಳಿಗೆ ಬಡಿಸಿದ ಹಾಗೆ."

"ಕುಡೀದಿದ್ರೆ ಏನಾಯ್ತು?"

"ಬರೀ ಸಿಮೆಂಟ್ ಹಾಲು ಅದಕ್ಕೆ ಹಿಡಿಯಲ್ಲ, ಗುಂಡಣ್ಣ. ರಂಧ್ರ ಇದ್ರೆ ತಾನೇ ಸಿಮೆಂಟ್ ಒಳಗೆ ಬೇರು ಬಿಡೋದು? ಅದಕ್ಕೇ ಪಾಲಿಮರ್ ಸೇರಿರೋ ಟೈಲ್ ಅಂಟು ಬೇಕು. 20 ಕೆ.ಜಿ. ಚೀಲಕ್ಕೆ ಸುಮಾರು 50 ಚದರಡಿ, ನಿಮ್ಮ ಹಜಾರಕ್ಕೆ ಮೂರು ಚೀಲ. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೆರೆ ಎಳೀಬೇಕು, ಟೈಲ್ ಬೆನ್ನಿಗೂ ತೆಳ್ಳಗೆ ಬಳೀಬೇಕು. ನಾಲ್ಕು ಮೂಲೆಗೊಂದು, ನಡುವೆ ಒಂದು, ಇಡ್ಲಿ ಹಿಟ್ಟು ಹುಯ್ದ ಹಾಗೆ ಐದು ಮುದ್ದೆ ಇಟ್ಟು ಒತ್ತಿದ್ರೆ ಸಂದಿಯೆಲ್ಲ ಪೊಳ್ಳು. ಗೋದ್ರೇಜ್ ಬೀರು ಕಾಲು ಸರಿಯಾಗಿ ಆ ಪೊಳ್ಳಿನ ಮೇಲೇ ಬಂದು ಕೂರುತ್ತೆ. ಅದು ಬೀರುವಿನ ಧರ್ಮ."

ಗುಂಡಣ್ಣ ಕ್ಯಾಟಲಾಗಿನ ಹಿಂದೆ ಬರೆದ ಲೆಕ್ಕ ತೋರಿಸಿದ. "ಟೈಲ್ ಎರಡಡಿಗೆ ಎರಡಡಿ, ನಾಲ್ಕು ಚದರಡಿ. 120 ಭಾಗಿಸು 4, ಮೂವತ್ತು. ಹತ್ತು ಪರ್ಸೆಂಟ್ ವೇಸ್ಟೇಜು ಸೇರಿ 33. ಬಾಕ್ಸಿಗೆ ನಾಲ್ಕು, ಒಂಬತ್ತು ಬಾಕ್ಸು. ಅಂಗಡಿಯವನೇ ಹೇಳಿದ್ದು."

ಪದ್ಮಕ್ಕ ಪೆನ್ನು ಕಿತ್ತುಕೊಂಡಳು.

"ಎರಡಡಿ ಅಂತ ಕರೀತಾರೆ, ಇರೋದು 60 ಸೆಂಟಿಮೀಟರ್. ಎರಡಡಿ ಅಂದ್ರೆ 61 ಸೆಂಟಿಮೀಟರ್. ನಿಮ್ಮ 12 ಅಡಿ ಅಂದ್ರೆ 366. ಒಂದು ಗೋಡೆಯಿಂದ ಶುರು ಮಾಡಿ ಆರು ಇಡೀ ಟೈಲ್ ಹಾಕಿ, 2 ಮಿ.ಮೀ. ಸಂದೀನೂ ಸೇರಿಸಿದ್ರೆ 361. ಆಚೆ ಗೋಡೆ ಹತ್ತಿರ ಉಳಿಯೋದು ಐದು ಸೆಂಟಿಮೀಟರ್ ಪಟ್ಟಿ."

"ಲಾಡಿ ಥರ," ಅಂದ ಶೀನಿ.

"ಹತ್ತಡಿ ಕಡೇಗೂ ಇನ್ನೊಂದು ಲಾಡಿ, ನಾಲ್ಕು ಸೆಂಟಿಮೀಟರಿನದು. ಹಳೇ ಗೋಡೆ ನೇರ ಇರಲ್ಲ ನೋಡಿ, ಆ ಪಟ್ಟಿ ಒಂದು ತುದೀಲಿ ಐದು, ಇನ್ನೊಂದು ತುದೀಲಿ ಮೂರು. ನಿಮ್ಮ ಗೋಡೆ ಸೊಟ್ಟ ಅಂತ ಬಂದೋರಿಗೆಲ್ಲ ಸಾರುತ್ತೆ. ಅದು ಬೇಡ ಅಂದ್ರೆ ನಡುವಿಂದ ಶುರು ಮಾಡ್ಬೇಕು: ಐದು ಇಡೀ ಟೈಲು, ಎರಡೂ ತುದೀಲಿ 32ರ ತುಂಡು. ಹತ್ತಡಿ ಕಡೆಗೆ ನಾಲ್ಕು ಇಡೀ, ಎರಡು ತುಂಡು. ಈಗ ಏಳು ಸಾಲು ಆರಲಿ ಎಷ್ಟು?"

"ನಲವತ್ತೆರಡು. ಆದ್ರೆ ತುಂಡು ಅಂದ್ರೆ ಒಂದು ಟೈಲಲ್ಲಿ ಎರಡು ಬರುತ್ತಲ್ಲ?"

"60ರಲ್ಲಿ 32 ಎರಡು ಸಲ ಬರುತ್ತಾ?"

ಗುಂಡಣ್ಣ ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿದ. ಬರಲಿಲ್ಲ.

"ಒಂಬತ್ತು ಬಾಕ್ಸಲ್ಲ, ಹನ್ನೊಂದು. ಕೊಯ್ದು ಉಳಿದ 28ರ ತುಂಡು ಎಸೀಬೇಡಿ. ಒಂದೊಂದರಲ್ಲಿ ನಾಲ್ಕಿಂಚಿನ ಎರಡು ಪಟ್ಟಿ ಬರುತ್ತೆ, ಗೋಡೆ ಬುಡಕ್ಕೆ ಸುತ್ತ ಅಂಟಿಸೋ ಪಟ್ಟಿ, ಅಂದ್ರೆ ಸ್ಕರ್ಟಿಂಗ್, ಇಡೀ ಹಜಾರಕ್ಕೆ ಅದರಲ್ಲೇ ಮುಗಿಯುತ್ತೆ. ಇಲ್ಲ ಅಂದ್ರೆ ಲಾಡಿ ಬರೋ ಗೋಡೆಗೆ ಬೀರು, ಸೋಫಾ ಒತ್ತರಿಸಿ ಮಾನ ಮುಚ್ಚಿ, ಒಂಬತ್ತರಲ್ಲೇ ಆಗುತ್ತೆ. ಹೇಗೇ ಆಗ್ಲಿ, ತರೋ ಬಾಕ್ಸೆಲ್ಲ ಒಂದೇ ಬ್ಯಾಚ್ ನಂಬರ್ ಇರಬೇಕು. ಆಮೇಲೆ ತಂದ ಇನ್ನೊಂದು ಬಾಕ್ಸು ಐವರಿ ಕ್ರೀಮ್ ಬದಲು ಕ್ರೀಮ್ ಐವರಿ ಆಗಿರುತ್ತೆ."

ಗೋಡೆಗೂ ಟೈಲಿಗೂ ನಡುವೆ ಸುತ್ತ 6-8 ಮಿ.ಮೀ. ಖಾಲಿ ಬಿಡಿ, ಸ್ಕರ್ಟಿಂಗ್ ಅದನ್ನ ಮುಚ್ಚುತ್ತೆ, ಅಂತಲೂ ಹೇಳಿದಳು. ಟೈಲ್‌ಗೆ ಟೈಲ್ ಒತ್ತಿ, ಗೋಡೆಗೂ ಒತ್ತಿ ಬಿಗಿದರೆ ಬಿಸಿಲುಗಾಲದಲ್ಲಿ ಹಿಗ್ಗಿದಾಗ ಜಾಗ ಸಿಗದೆ ಹಪ್ಪಳದ ಹಾಗೆ ಎದ್ದು ನಿಲ್ಲುತ್ತೆ, ಅದೂ ದಡ್ ಅಂತ ಸದ್ದು ಮಾಡಿ.

"ಅದ್ಸರಿ, ಈ ಕೆಂಪು ನೆಲಾನ ಯಾಕೆ ಕೊಲ್ಬೇಕು?" ಅಂದ ಶೀನಿ. ಅವನ ಪಕ್ಷ ಮೊದಲಿಂದಲೂ ರೆಡ್ ಆಕ್ಸೈಡು. "ಬಿರುಕಿಗೆ ಒಂದಿಷ್ಟು ಕೆಂಪು ಸಿಮೆಂಟ್ ಮೆತ್ತಿದ್ರೆ ಆಯ್ತಪ್ಪ."

"ಮೆತ್ತಿದ್ರೆ ಮೂಗಿನ ಮೇಲೆ ತೇಪೆ ಹಾಕಿದ ಹಾಗಿರುತ್ತೆ. ಹಸಿ ಇದ್ದಾಗ ಕಪ್ಪುಗೆಂಪು, ಒಣಗಿದ್ರೆ ಇಟ್ಟಿಗೆ ಬಣ್ಣ. ಹಳೇ ನೆಲ ಎಣ್ಣೆ ಕುಡಿದು ಮಾಗಿರುತ್ತೆ, ಹೊಸದು ಅದಕ್ಕೆ ಸರಿ ಹೊಂದೋದೇ ಇಲ್ಲ. ಮೊದಲು ಬಿರುಕಿನ ಎರಡು ಕಡೆ ಬೆರಳು ಆಡಿಸಿ ನೋಡು. ಎರಡೂ ಸಮ ಇದ್ರೆ ಅದು ಬರೀ ಕುಗ್ಗಿದ ಬಿರುಕು. ಒಂದು ಕಡೆ ತಗ್ಗಿದ್ರೆ ಬುಡ ಕುಸೀತಿದೆ ಅಂತ, ಮೆತ್ತಿದ್ದೂ ಮತ್ತೆ ಬಿಡುತ್ತೆ."

ಶೀನಿ ಬೆರಳು ಆಡಿಸಿದ. ಬಾಗಿಲ ಹತ್ತಿರ ಸಮ. ಅಡುಗೆಮನೆ ಹತ್ತಿರ ಒಂದು ಕಡೆ ಉಗುರಿನಷ್ಟು ತಗ್ಗು. ಅಲ್ಲಿ ಮಾತ್ರ.

"ಹಾಗಾದ್ರೆ ಆ ಭಾಗ ಒಂದೇ ಚೌಕ ಕೊಯ್ದು ತೆಗೆದು ಹೊಸದಾಗಿ ಹಾಕಿ. ಬಣ್ಣ ಹೊಂದಿಸೋ ಹಟ ಬಿಡಿ, ಸುತ್ತ ಕರೀ ಆಕ್ಸೈಡಿನ ಪಟ್ಟಿ ಕೊಡಿ. ಬೇಕಂತಲೇ ಮಾಡಿದ ಡಿಸೈನು ಅನ್ಸುತ್ತೆ."

"ಹಾಕೋದು ಹೆಂಗ್ರಿ? ಈಗ ಆ ಕೆಲಸ ಬರೋ ಮೇಸ್ತ್ರಿಗಳೇ ಕಮ್ಮಿ ಆಗ್ಯಾರ," ಅಂದ ಬಸಣ್ಣ.

ಇಲ್ಲಿ ಪದ್ಮಕ್ಕ ಅವಲಕ್ಕಿ ತಟ್ಟೆ ಕೆಳಗಿಟ್ಟಳು. ಕೆಳಗೆ ಗಟ್ಟಿ ಕಾಂಕ್ರೀಟ್, ಅದರ ಮೇಲೆ ಒಂದಕ್ಕೆ ಮೂರು ಸಿಮೆಂಟ್-ಮರಳಿನ ಗಾರೆ 20 ಮಿ.ಮೀ. ಅದರ ಮೇಲಿನ ಕೆಂಪು ಪದರಕ್ಕೆ ಒಂದು ಪಾಲು ಆಕ್ಸೈಡಿಗೆ ಮೂರು ಪಾಲು ಸಿಮೆಂಟ್. ಇಡೀ ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಒಣದಾಗಿ ಬೆರೆಸಿ ಜರಡಿ ಹಿಡಿದು ಚೀಲದಲ್ಲಿ ಇಟ್ಟುಕೊಳ್ಳಬೇಕು, ಬೋಗುಣಿಗೊಂದು ಸಲ ಬೆರೆಸಿದರೆ ಬೋಗುಣಿಗೊಂದು ಬಣ್ಣ. ಕೆಳಗಿನ ಗಾರೆ ಇನ್ನೂ ಹಸಿ ಇರುವಾಗಲೇ ಕೆಂಪು ಪದರ ಬೀಳಬೇಕು, ಮೂರ್ನಾಲ್ಕು ಮಿ.ಮೀ. ದಪ್ಪ. ಗಾರೆ ಒಣಗಿದ ಮೇಲೆ ಹಾಕಿದರೆ ಎರಡು ಪದರ ಗಂಡ ಹೆಂಡತಿ ಜಗಳ ಆಡಿದ ಹಾಗೆ ಬೇರೆ ಬೇರೆ.

"ಯಾವಾಗ ಉಜ್ಜಬೇಕು ಅನ್ನೋದೇ ಗುಟ್ಟು. ಹೆಬ್ಬೆರಳು ಒತ್ತಿದ್ರೆ ಅಚ್ಚು ಮೂಡಬೇಕು, ಬೆರಳಿಗೆ ಅಂಟಬಾರದು. ಆಗ ಉಕ್ಕಿನ ಕರಣೆ ಹಿಡಿದು ಶುರು ಮಾಡಿದ್ರೆ ಹೊಳಪು ಬರೋ ತನಕ ನಿಲ್ಲಿಸೋ ಹಾಗಿಲ್ಲ. ಕರಣೆ ಓಡ್ತಿಲ್ಲ ಅಂತ ನೀರು ಚಿಮುಕಿಸಿದ್ರೆ ಮೇಲ್ಮೈ ಸಡಿಲ ಆಗಿ ಆಮೇಲೆ ಕುಂಕುಮ ಉದುರಿದ ಹಾಗೆ ಪುಡಿ ಏಳುತ್ತೆ. ಫ್ಯಾನ್ ಆಫ್, ಕಿಟಕಿ ಬಂದ್. ಗಾಳಿ ಬಡಿದ್ರೆ ಜೇಡರಬಲೆ ಬಿರುಕು. ಮಾರನೇ ದಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ಏಳು ದಿನ ನೀರು ನಿಲ್ಲಿಸ್ಬೇಕು."

"ಏಳು ದಿನ ಹಜಾರದಲ್ಲಿ ಕೆರೆ," ಅಂದ ಗುಂಡಣ್ಣ. "ಟಿವಿ ನೋಡೋದು ಹೆಂಗೆ?"

"ತೆಪ್ಪ ತಗೋ," ಅಂದ ಶೀನಿ.

ನೀರು ಬತ್ತಿ ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ, ಅದೂ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ. ಸುರಿದರೆ ಧೂಳೆಲ್ಲ ಹಿಡಿದು ಕೆಂಪು ನೆಲ ಕಾಡಿಗೆ ನೆಲ. ಹುಣಸೆಹಣ್ಣು, ನಿಂಬೆಹಣ್ಣು ಬಿದ್ದರೆ ತಕ್ಷಣ ಒರೆಸಬೇಕು, ಹುಳಿ ಸಿಮೆಂಟನ್ನು ತಿನ್ನುತ್ತೆ.

ಪಕ್ಕದ ಕೋಣೆಯ ಮೊಸಾಯಿಕ್ ವಿಷಯ ಬೇಗ ಮುಗಿಯಿತು. ಅದನ್ನು ಮುಟ್ಟಬೇಡಿ, ಉಜ್ಜಿಸಿ ಅಷ್ಟೆ. 60, 120, 320 ನಂಬರಿನ ಉಜ್ಜುಗಲ್ಲು ಒಂದಾದ ಮೇಲೊಂದು, ನಡುವೆ ಅದೇ ಬಣ್ಣದ ಸಿಮೆಂಟ್ ಹಾಲಿಂದ ತೂತು ತುಂಬಿ, ಕೊನೆಗೆ ಹೊಳಪಿಗೆ ಚದರ ಮೀಟರಿಗೆ 33 ಗ್ರಾಂ ಆಕ್ಸಾಲಿಕ್ ಆಸಿಡ್ ಪುಡಿ. ಆ ಕೋಣೆಗೆ ಮುನ್ನೂರು ಗ್ರಾಂ ಧಾರಾಳ. ಉಜ್ಜಿದ ಕೆಸರನ್ನು ಮಾತ್ರ ಬಕೆಟ್‌ನಲ್ಲಿ ತುಂಬಿ ಹೊರಗೆ ಒಯ್ಯಬೇಕು. ಬಚ್ಚಲ ಮೋರಿಗೆ ಬಿಟ್ಟರೆ ಪೈಪಿನೊಳಗೇ ಇನ್ನೊಂದು ಮೊಸಾಯಿಕ್ ನೆಲ ತಯಾರು.

"ಮಹಡಿ ಕೋಣೆಗಾದ್ರೂ ಟೈಲ್ ಹಾಕ್ಲಾ?" ಗುಂಡಣ್ಣನ ಸ್ವರ ಈಗ ಅರ್ಜಿ ಕೊಡೋ ಸ್ವರ.

"ಅದು ಮದ್ರಾಸ್ ತಾರಸಿ. ಮರದ ತೊಲೆ, ಮೇಲೆ ಇಟ್ಟಿಗೆ, ಸುಣ್ಣ. ಟೈಲು ಅಂಟು ಸೇರಿ ಚದರ ಮೀಟರಿಗೆ 25 ಕೆ.ಜಿ., 120 ಚದರಡಿಗೆ 280 ಕೆ.ಜಿ. ಅದನ್ನ ತಡೀಬಹುದು. ಎರಡಿಂಚು ಗಾರೆ ಹಾಸಿ ಟೈಲ್ ಹಾಕಿದ್ರೆ ಮೇಲೆ ಇನ್ನೂ ಒಂದು ಟನ್. ಅದಕ್ಕೂ ಮೊದಲು ತೊಲೆ ಗೋಡೆಯೊಳಗೆ ಹೋಗೋ ತುದೀನ ದಬ್ಬಳದಲ್ಲಿ ಚುಚ್ಚಿ ನೋಡಿ. ಗೆದ್ದಲು ತೊಲೆ ಮಧ್ಯದಲ್ಲಿ ಊಟ ಮಾಡಲ್ಲ, ತೇವ ಇರೋ ಕಡೆ ಎಲೆ ಹಾಕ್ಕೊಳ್ಳುತ್ತೆ."

ಅಷ್ಟರಲ್ಲಿ ಭಟ್ರು ಸುಮ್ಮನೆ ಕೂರಲಾರದೆ ಗೋಲಿಯನ್ನು ಹಜಾರದ ನಡುವೆ ಇಟ್ಟು ಕೈ ಬಿಟ್ಟರು. ಅದು ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಹೊರಟು, ಬಿರುಕಿನ ದಡದಲ್ಲೇ ಉರುಳಿ ಅಡುಗೆಮನೆ ಗೋಡೆಯ ಮೂಲೆಗೆ ಹೋಗಿ ನಿಂತಿತು. ಸರಿಯಾಗಿ ಸೀಮೆಸುಣ್ಣದ ಸುತ್ತಿನೊಳಗೆ.

ಬಿಟ್ಟಲ್ಲೆಲ್ಲ ಅದೇ. ಬಾಗಿಲಿಂದ ಬಿಟ್ಟರೂ ಅಲ್ಲಿಗೆ, ಕಿಟಕಿಯಿಂದ ಬಿಟ್ಟರೂ ಅಲ್ಲಿಗೆ. ಆ ಮೂಲೆಯ ಗೋಡೆಗೆ ಬುಡದಿಂದ ಎರಡಡಿ ಎತ್ತರದವರೆಗೆ ಬಣ್ಣ ಉಬ್ಬಿ, ಬೆರಳು ಮುಟ್ಟಿದರೆ ಬಿಳೀ ಉಪ್ಪಿನ ಹೂವು ಉದುರುತ್ತಿತ್ತು.

"ಈ ಗೋಡೆ ಆಚೆ ಏನಿದೆ?" ಪದ್ಮಕ್ಕ ಕೇಳಿದಳು.

"ಪಾತ್ರೆ ತೊಳೆಯೋ ತೊಟ್ಟಿ. ಅದರ ಪೈಪು ನೆಲದೊಳಗೆ."

"ಈ ನೆಲ ಹೇಗೋ ಒಂಚೂರು ಉಸಿರಾಡ್ತಿದೆ. ಇದರ ಮೇಲೆ ವಿಟ್ರಿಫೈಡ್ ಮುಚ್ಚಳ ಹಾಕಿದ್ರೆ ತೇವಕ್ಕೆ ದಾರಿ ಗೋಡೆ ಒಂದೇ. ಎರಡಡಿ ಇರೋ ಉಪ್ಪು ನಾಲ್ಕಡಿ ಹತ್ತುತ್ತೆ, ನೀವು ಪೇಂಟರ್‌ನ ಬೈತೀರಿ."

ಪ್ಲಾಸ್ಟಿಕ್ ಹಾಳೆಯನ್ನು ಆ ಮೂಲೆಯಲ್ಲಿ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿದರು. ಎರಡು ರಾತ್ರಿ ಬಿಟ್ಟು ಎತ್ತಿದಾಗ ಒಳಮೈಯಲ್ಲಿ ಹನಿ ಕೂತಿದ್ದರೆ, ಇಲ್ಲವೇ ನೆಲ ಕಪ್ಪಾಗಿದ್ದರೆ ತೇವ ಕೆಳಗಿನದೇ. ಎಣ್ಣೆ ಕುಡಿದ ನೆಲಕ್ಕೆ ಒಂದು ಅಂಚಿನ ಟೇಪ್ ಮಾತ್ರ ಹಿಡಿಯಲಿಲ್ಲ, ಏಳುತ್ತಲೇ ಇತ್ತು.

"ಟೇಪೇ ಹಿಡೀತಿಲ್ಲ ನೋಡು ನಿನ್ನ ನೆಲಕ್ಕೆ," ಅಂದ ಶೀನಿ. "ಏನಾದ್ರೂ ಭಾರ ಕೊಡು."

ಗುಂಡಣ್ಣ ಸುತ್ತ ನೋಡಿ, ಕ್ಯಾಟಲಾಗನ್ನೇ ಆ ಅಂಚಿನ ಮೇಲೆ ಹೇರಿದ. ಹಾಳೆ ಅಲುಗಲಿಲ್ಲ.

"ಪದ್ಮಕ್ಕ, ಮಂಗಳವಾರ ಬರ್ತೀರಲ್ಲ? ಬರುವಾಗ ಯಾವುದಾದ್ರೂ ಪ್ಲಂಬರ್ ನಂಬರ್ ಇದ್ರೆ ತನ್ನಿ."