ಅಪ್‌ಗ್ರೇಡ್ ನಡುವೆ ಕರೆಂಟ್ ಹೋಯಿತು, ಈಗ ಯಾವ ಪ್ಯಾಕೇಜೂ ಇನ್‌ಸ್ಟಾಲ್ ಆಗುತ್ತಿಲ್ಲ

ಲ್ಯಾಬ್_ಟೀಚರ್:
ನಮಸ್ಕಾರ. ಕೊಪ್ಪದ ಹತ್ತಿರ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇದೆ. ನಿನ್ನೆ ಪ್ಯಾಕೇಜ್‌ಗಳನ್ನು, ಅಂದರೆ ಸಾಫ್ಟ್‌ವೇರ್ ಕಟ್ಟುಗಳನ್ನು, ಹೊಸದು ಮಾಡುವ ಆಪ್ಟ್ ಅಪ್‌ಗ್ರೇಡ್ ಓಡುತ್ತಿದ್ದಾಗ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ತಡೆಯಲಿಲ್ಲ. ಮಷೀನ್ ಆನ್ ಏನೋ ಆಗುತ್ತದೆ. ಆದರೆ ಕನ್ನಡ ಫಾಂಟಿಗೆ ಅಂತ ಫಾಂಟ್ಸ್-ಕೆಎನ್‌ಡಿಎ ಹಾಕಲು ಹೋದರೆ, ಡಿಪಿಕೆಜಿ (ಪ್ಯಾಕೇಜ್ ಹಾಕುವ ಪ್ರೋಗ್ರಾಂ) ಕೆಲಸ ಅರ್ಧಕ್ಕೆ ನಿಂತಿದೆ ಎನ್ನುತ್ತದೆ. ಒಮ್ಮೊಮ್ಮೆ ಲಾಕ್ ಸಿಗಲಿಲ್ಲ ಎಂದೂ ಬರುತ್ತದೆ. ಎಲ್ಲ ಅಳಿಸಿ ಹೊಸದಾಗಿ ಉಬುಂಟು ಹಾಕಬೇಕಾ? ಮಕ್ಕಳ ಪ್ರಾಜೆಕ್ಟ್‌ಗಳು ಅದರಲ್ಲೇ ಇವೆ.

ಟರ್ಮಿನಲ್_ಪ್ರಿಯ:
ಡಿಪಿಕೆಜಿ ಫೋಲ್ಡರಿನಲ್ಲಿ ಲಾಕ್ ಅಂತ ಫೈಲುಗಳಿವೆ. ಅವನ್ನು ಅಳಿಸಿಬಿಡಿ, ಸರಿಹೋಗುತ್ತದೆ.

ಹಳೇ_ಡೆಬಿಯನ್:
ಟೀಚರ್, ದಯವಿಟ್ಟು ಲಾಕ್ ಫೈಲ್ ಅಳಿಸಬೇಡಿ. ಹೊಸದಾಗಿ ಹಾಕುವುದೂ ಬೇಡ. ಈ ಲಾಕ್ ಅಳಿಸುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ, ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಆ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ. ಅದು ಇದ್ದ ಮಾತ್ರಕ್ಕೆ ಲಾಕ್ ಬಿದ್ದಿದೆ ಎಂದಲ್ಲ. ಲಾಕ್ ಎಂದರೆ ಒಮ್ಮೆಗೆ ಒಂದೇ ಪ್ರೋಗ್ರಾಂ ಪ್ಯಾಕೇಜ್ ಕೆಲಸ ಮಾಡಲಿ ಎಂಬ ತಡೆ. ಅದನ್ನು ಹಿಡಿಯುವುದು ಓಡುತ್ತಿರುವ ಪ್ರೋಗ್ರಾಂ, ಯಾರು ಹಿಡಿದಿದ್ದಾರೆ ಎಂದು ನೋಡಿಕೊಳ್ಳುವುದು ಕರ್ನೆಲ್, ಅಂದರೆ ಸಿಸ್ಟಂನ ತಿರುಳು. ಮಷೀನ್ ರೀಬೂಟ್ ಆದರೆ ಲಾಕ್ ತಾನಾಗಿ ಬಿಡುತ್ತದೆ. ಹಾಗಾಗಿ ಇವತ್ತು ಲಾಕ್ ಸಿಗಲಿಲ್ಲ ಎಂದರೆ ಈಗ ಬೇರೆ ಯಾವುದೋ ಪ್ರೋಗ್ರಾಂ ಪ್ಯಾಕೇಜ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಅದು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್, ತಾನೇ ಸೆಕ್ಯುರಿಟಿ ಅಪ್‌ಡೇಟ್ ಹಾಕುವ ಪ್ರೋಗ್ರಾಂ. ಸಂದೇಶದಲ್ಲೇ ಪ್ರೋಸೆಸ್ ನಂಬರ್ ಇರುತ್ತದೆ, ನೋಡಿ. ಅದು ಮುಗಿಯುವ ತನಕ ಕಾಯಿರಿ. ಫೈಲ್ ಅಳಿಸಿದರೆ ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕದಲ್ಲಿ ಒಟ್ಟಿಗೆ ಬರೆದ ಹಾಗಾಗುತ್ತದೆ.

ಇನ್ನು ಅರ್ಧಕ್ಕೆ ನಿಂತ ಕೆಲಸ. ಪ್ಯಾಕೇಜ್ ತರುವುದು, ಯಾವುದಕ್ಕೆ ಯಾವುದು ಬೇಕು ಎಂದು ನೋಡುವುದು ಆಪ್ಟ್. ಡಿಸ್ಕಿಗೆ ಹಾಕುವುದು ಡಿಪಿಕೆಜಿ. ಅದು ಮೊದಲು ಫೈಲುಗಳನ್ನು ಬಿಚ್ಚಿ ಹಾಕುತ್ತದೆ, ಆಮೇಲೆ ಕಾನ್ಫಿಗರ್ ಮಾಡುತ್ತದೆ, ಅಂದರೆ ಬಳಕೆಗೆ ಸಿದ್ಧ ಮಾಡುತ್ತದೆ. ಯಾವ ಪ್ಯಾಕೇಜ್ ಎಲ್ಲಿಗೆ ಬಂತು ಎಂದು ಸ್ಟೇಟಸ್ ಫೈಲಿನಲ್ಲಿ ಬರೆದಿಡುತ್ತದೆ. ಹಾಗಾಗಿ ಉಳಿದದ್ದು ಮುಗಿಸು ಎಂದರೆ ಸಾಕು. ಮೊದಲು ಪ್ರಾಜೆಕ್ಟ್‌ಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಕೊನೆಗೆ ಡಿಪಿಕೆಜಿ --ಆಡಿಟ್ ಕೊಡಿ. ಅದು ಏನೂ ಹೇಳದಿದ್ದರೆ ಅರ್ಧಕ್ಕೆ ನಿಂತದ್ದು ಯಾವುದೂ ಉಳಿದಿಲ್ಲ.

ಲ್ಯಾಬ್_ಟೀಚರ್:
ತುಂಬಾ ಥ್ಯಾಂಕ್ಸ್ ಸರ್. ಮೊದಲನೇ ಕಮಾಂಡ್ ಸುಮಾರು ಪ್ಯಾಕೇಜ್ ಮುಗಿಸಿತು. ಹೊಸ ಕರ್ನೆಲ್ ಹತ್ತಿರ ಬಂದು ಬೂಟ್ ಪಾರ್ಟಿಷನ್ನಿನಲ್ಲಿ (ಕರ್ನೆಲ್ ಇರುವ ಡಿಸ್ಕಿನ ಭಾಗ) ಜಾಗ ಇಲ್ಲ ಎಂದು ನಿಂತಿತು. ರೀಬೂಟ್ ಮಾಡಲಾ?

ಹಳೇ_ಡೆಬಿಯನ್:
ಈಗಲೇ ರೀಬೂಟ್ ಬೇಡ. ಹೊಸ ಕರ್ನೆಲ್ ಇನ್ನೂ ಪೂರ್ತಿ ಕೂತಿಲ್ಲ. ಹಳೇ ಕರ್ನೆಲ್‌ಗಳು ಸೇರಿ ಬೂಟ್ ತುಂಬಿರುತ್ತದೆ, ಆ ಪಾರ್ಟಿಷನ್ ಚಿಕ್ಕದು ಅಲ್ವಾ. ಸುಡೊ ಆಪ್ಟ್ ಆಟೊರಿಮೂವ್ ಕೊಡಿ, ಬೇಡವಾದ ಹಳೇ ಪ್ಯಾಕೇಜ್‌ಗಳನ್ನು ತೆಗೆಯುತ್ತದೆ. ಸದ್ಯ ಓಡುತ್ತಿರುವ ಕರ್ನೆಲ್ಲನ್ನು ಅದು ಮುಟ್ಟುವುದಿಲ್ಲ. ಆದರೂ ವೈ ಒತ್ತುವ ಮೊದಲು ಏನೇನು ತೆಗೆಯುತ್ತದೆ ಎಂಬ ಪಟ್ಟಿ ಓದಿ. ಜಾಗ ಆದ ಮೇಲೆ ಆ ಎರಡು ಕಮಾಂಡ್ ಮತ್ತೆ ಕೊಡಿ.

ಲ್ಯಾಬ್_ಟೀಚರ್:
ಆಯಿತು ಸರ್! ಆಡಿಟ್ ಏನೂ ಹೇಳಲಿಲ್ಲ. ಗುಬ್ಬಿ, ನವಿಲು ಎರಡೂ ಫಾಂಟ್ ಬಂದವು. ಇಲ್ಲಿ ಮಳೆಗಾಲ ಪೂರ್ತಿ ಕರೆಂಟ್ ಹೀಗೇ. ಅಪ್‌ಗ್ರೇಡ್ ನಿಲ್ಲಿಸಿಬಿಡಲಾ?

ಹಳೇ_ಡೆಬಿಯನ್:
ಬೇಡ, ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಬಾರದು. ಎರಡು ಹಂತದಲ್ಲಿ ಮಾಡಿ. ಮೊದಲು ಸುಡೊ ಆಪ್ಟ್ ಅಪ್‌ಡೇಟ್, ಆಮೇಲೆ ಸುಡೊ ಆಪ್ಟ್ ಅಪ್‌ಗ್ರೇಡ್ --ಡೌನ್‌ಲೋಡ್-ಓನ್ಲಿ. ಇದು ಪ್ಯಾಕೇಜ್‌ಗಳನ್ನು ತಂದಿಟ್ಟುಕೊಳ್ಳುತ್ತದೆ ಅಷ್ಟೇ, ಏನನ್ನೂ ಹಾಕುವುದಿಲ್ಲ. ನಡುವೆ ಕರೆಂಟ್ ಹೋದರೂ ಸಿಸ್ಟಂ ಕೆಡುವುದಿಲ್ಲ. ಕರೆಂಟ್ ಹೋಗದೆ ಇರುವ ಹೊತ್ತು ನೋಡಿ ಬರೀ ಅಪ್‌ಗ್ರೇಡ್ ಕೊಡಿ. ನೆಟ್‌ಗೆ ಕಾಯುವುದು ಇರುವುದಿಲ್ಲ, ಬೇಗ ಮುಗಿಯುತ್ತದೆ. ಯುಪಿಎಸ್ ಬ್ಯಾಟರಿಯನ್ನೂ ಒಮ್ಮೆ ತೋರಿಸಿ.