ದುಃಖದ ಹಾಡಿನ ನಡುವೆ ಗಂಟಲು ಕಟ್ಟಿದರೆ ಏನು ಮಾಡುತ್ತೀರಿ?

ಟೆನರ್_ಸಾಲಿನವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮ್ಯೂಸಿಕಲ್ ನಾಟಕಗಳ ಹಾಡು ಹಾಡುವವರೂ ಇದ್ದೀರಿ, ಕಲಿಸುವವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಒಂದು ಹವ್ಯಾಸಿ ಗಾಯನ ತಂಡದಲ್ಲಿದ್ದೇನೆ. ಮ್ಯೂಸಿಕಲ್‌ಗಳಿಂದ ಆಯ್ದ ಹಾಡುಗಳ ಒಂದು ಸಂಜೆ ಮಾಡುತ್ತಿದ್ದೇವೆ. ನನ್ನ ಪಾಲಿಗೆ ಬಂದಿರುವುದು ‘ಲೇ ಮಿಸರಾಬ್ಲ್’ನ ‘ಎಂಪ್ಟಿ ಚೇರ್ಸ್ ಅಟ್ ಎಂಪ್ಟಿ ಟೇಬಲ್ಸ್’. ನಾಟಕ ನೋಡದವರಿಗೆ ಎರಡು ಮಾತು. 1832ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ದಂಗೆ ಎದ್ದ ವಿದ್ಯಾರ್ಥಿಗಳ ಗುಂಪು ಅದು. ಗೆಳೆಯರೆಲ್ಲ ಸತ್ತಿದ್ದಾರೆ, ಮಾರಿಯಸ್ ಮಾತ್ರ ಗಾಯಗೊಂಡು ಬದುಕಿದ್ದಾನೆ. ಅವರೆಲ್ಲ ಕೂತು ವಾದ ಮಾಡುತ್ತಿದ್ದ ಜಾಗವನ್ನು ನೆನೆದು ಹಾಡುತ್ತಾನೆ.

ನಮ್ಮ ತಂಡದಲ್ಲಿ ನನ್ನ ಎಡಗಡೆ ನಿಲ್ಲುತ್ತಿದ್ದ ಗೆಳೆಯ ಹೋದ ವರ್ಷ ತೀರಿಕೊಂಡ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ನಾನು ಯಾವತ್ತೂ ಗುರುತು ಹಾಕಿಕೊಳ್ಳುತ್ತಿರಲಿಲ್ಲ. ಅವನೇ ನನ್ನ ಹಾಳೆ ಎಳೆದುಕೊಂಡು ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೆರೆ ಹಾಕಿ ಕೊಡುತ್ತಿದ್ದ. ನನ್ನ ಹಳೆಯ ಹಾಡುಗಳ ಹಾಳೆಗಳಲ್ಲೆಲ್ಲ ಅವನ ಗೆರೆ ಇದೆ. ಈ ಹಾಡಿನ ಹಾಳೆ ಖಾಲಿ.

ಹಾಡಿನ ಶುರು ಚೆನ್ನಾಗಿಯೇ ಹೋಗುತ್ತದೆ. ನಡುವೆ ಮಾರಿಯಸ್ ಗೆಳೆಯರನ್ನು ಕೂಗಿ, ನೀವು ಹೋದಿರಿ, ನಾನು ಉಳಿದೆ, ಕ್ಷಮಿಸಿ ಅನ್ನುವ ಜಾಗ ಇದೆಯಲ್ಲ, ಅಲ್ಲಿ ನನ್ನ ದನಿ ನಿಂತೇ ಹೋಗುತ್ತದೆ. ಒಡೆಯುವುದಲ್ಲ, ನಿಲ್ಲುವುದು. ಬಾಯಿ ತೆರೆದಿರುತ್ತದೆ, ಶಬ್ದ ಬರುವುದಿಲ್ಲ.

ಎರಡು ಪ್ರಶ್ನೆ. ವೃತ್ತಿಪರರು ಇದನ್ನು ಪ್ರತಿ ರಾತ್ರಿ ಹೇಗೆ ಹಾಡುತ್ತಾರೆ? ಮತ್ತೆ, ಬೇರೆ ಎಷ್ಟೋ ದುಃಖದ ಹಾಡುಗಳನ್ನು ಏನೂ ಆಗದೆ ಹಾಡಿದ್ದೇನೆ, ಈ ಒಂದು ಹಾಡಿಗೆ ಯಾಕೆ ಇಷ್ಟು ಬಲ? ಹಾಡನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

ಮಂದ್ರಸ್ವರ ಉತ್ತರಿಸಿದ್ದು:

ನಿಮ್ಮ ಗೆಳೆಯನ ವಿಷಯ ಓದಿ ಬೇಜಾರಾಯಿತು. ನಾನು ಗಾಯನ ಕಲಿಸುತ್ತೇನೆ, ಹಾಗಾಗಿ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಅಳು ಬಂದಾಗ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ, ಧ್ವನಿಪೆಟ್ಟಿಗೆ ಮೇಲೆ ಸರಿಯುತ್ತದೆ, ಉಸಿರು ತುಂಡು ತುಂಡಾಗುತ್ತದೆ. ಹಾಡಲು ಬೇಕಾಗಿರುವುದು ಇದರ ತದ್ವಿರುದ್ಧ. ಹಾಗಾಗಿ ಒಟ್ಟಿಗೆ ಅಳುತ್ತಾ ಹಾಡುತ್ತಾ ಇರಲು ದೇಹ ಬಿಡುವುದಿಲ್ಲ. ನಿಮ್ಮ ಮನಸ್ಸು ದುರ್ಬಲ ಅಂತ ಇದರ ಅರ್ಥ ಅಲ್ಲ.

ದನಿ ನಿಲ್ಲುವ ಜಾಗ ಯಾವುದು ನೋಡಿ. ಹಾಡು ಮಾತಿನ ಹತ್ತಿರದ ಧಾಟಿಯಲ್ಲಿ, ಕೆಳಗಿನ ಸ್ಥಾಯಿಯಲ್ಲಿ ಶುರುವಾಗುತ್ತದೆ. ನೀವು ಹೇಳಿದ ಸಾಲಿಗೆ ಮೇಲೇರುತ್ತದೆ. ಅಂದರೆ ಅತಿ ಹೆಚ್ಚು ಉಸಿರು ಬೇಕಾದ ಜಾಗ ಮತ್ತು ಅತಿ ಹೆಚ್ಚು ನೋವಿನ ಮಾತು, ಎರಡೂ ಒಂದೇ ಕಡೆ ಬಂದಿವೆ. ಬರೆದವರು ಬೇಕೆಂದೇ ಹಾಗೆ ಮಾಡಿದ್ದಾರೆ. ನಿಮ್ಮ ಗಂಟಲು ಅಲ್ಲಿ ಕಟ್ಟದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಮನೆಯಲ್ಲಿ ಪೂರ್ತಿ ಅತ್ತುಬಿಡಿ. ತಡೆಯಬೇಡಿ. ಆ ಸಾಲನ್ನು ಹಾಡದೆ ಬರೀ ಮಾತಿನಲ್ಲಿ ಹೇಳಿ. ಅಳು ಬಂದರೆ ಬರಲಿ, ಮತ್ತೆ ಹೇಳಿ. ಆ ಮಾತು ಬಾಯಿಗೆ ಹಳತಾಗಬೇಕು. ಆಮೇಲೆ ರಾಗ ಸೇರಿಸಿ, ಆದರೆ ದನಿ ತೀರಾ ಸಣ್ಣದಾಗಿರಲಿ. ಕೊನೆಗೆ ಪೂರ್ತಿ ದನಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆ ಸಾಲಿನಲ್ಲಿ ಮಾರಿಯಸ್ ಅಳುತ್ತಿಲ್ಲ. ಅವನು ಒಂದು ಮಾತು ಕೇಳುತ್ತಿದ್ದಾನೆ. ಕ್ಷಮೆ ಕೇಳುತ್ತಿದ್ದಾನೆ, ಎದುರಿಗಿರುವವರು ಉತ್ತರ ಕೊಡಬಹುದು ಅನ್ನುವ ಹಾಗೆ. ಹಾಡುವವನು ‘ನನಗೆ ದುಃಖವಾಗಿದೆ’ ಅಂತ ತೋರಿಸಲು ಹೋದರೆ ಅಳು ಮೊದಲು ಬರುತ್ತದೆ. ‘ಇವರಿಗೆ ಈ ಮಾತು ತಲುಪಬೇಕು’ ಅಂತ ಹೋದರೆ ಮಾತು ಮೊದಲು ಬರುತ್ತದೆ. ಪ್ರತಿ ರಾತ್ರಿ ಹಾಡುವವರು ಹೆಚ್ಚಾಗಿ ಹಿಡಿದುಕೊಳ್ಳುವುದು ಇದನ್ನೇ. ನಾನು ಕಂಡಂತೆ ಕೇಳುಗರ ಕಣ್ಣು ತುಂಬುವುದೂ ಇದಕ್ಕೇ, ಹಾಡುವವನ ಕಣ್ಣೀರಿಗಲ್ಲ.

ಉಸಿರಿನ ಗೆರೆಗಳನ್ನು ಈ ಸಲ ನೀವೇ ಹಾಕಿಕೊಳ್ಳಬೇಕು. ಆ ಸಾಲಿಗೆ ಮುಂಚೆ ದೊಡ್ಡ ಉಸಿರಿಗೆ ಜಾಗ ಮಾಡಿ.

ಕಪ್ಪುಬಿಳಿ_ಮಣೆ ಉತ್ತರಿಸಿದ್ದು:

ನಾನು ತಾಲೀಮುಗಳಿಗೆ ಪಿಯಾನೋ ನುಡಿಸುವವನು. ಎರಡನೇ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ. ಉದ್ದವಾಗಬಹುದು, ಈ ವಿಷಯ ಬಂದರೆ ನನಗೆ ನಿಲ್ಲಿಸಲು ಆಗುವುದಿಲ್ಲ.

ಈ ಹಾಡಿನ ಧಾಟಿಯನ್ನು ಪ್ರೇಕ್ಷಕರು ಮೊದಲೇ ಕೇಳಿರುತ್ತಾರೆ. ನಾಟಕದ ಶುರುವಿನಲ್ಲಿ, ಜೈಲಿನಿಂದ ಹೊರಬಂದ ಜಾನ್ ವಾಲ್‌ಜಾನ್ ತನಗೆ ಆಸರೆ ಕೊಟ್ಟ ಬಿಷಪ್‌ನ ಮನೆಯ ಬೆಳ್ಳಿ ಕದ್ದು ಸಿಕ್ಕಿಬೀಳುತ್ತಾನೆ. ಬಿಷಪ್ ಅವನನ್ನು ಬಿಡಿಸಿ, ಬೆಳ್ಳಿಯ ದೀಪದ ಕಂಬಗಳನ್ನೂ ಕೊಟ್ಟು, ಇನ್ನು ಮೇಲೆ ಒಳ್ಳೆಯವನಾಗಿ ಬಾಳು ಅನ್ನುತ್ತಾನೆ. ಆಗ ಬಿಷಪ್ ಹಾಡುವುದು ಇದೇ ಧಾಟಿ. ಕ್ಷಮೆ ಕೊಟ್ಟ ರಾಗದಲ್ಲೇ ಮಾರಿಯಸ್ ಕ್ಷಮೆ ಕೇಳುತ್ತಾನೆ. ಪ್ರೇಕ್ಷಕರಿಗೆ ಇದು ಗೊತ್ತಾಗದೇ ಇರಬಹುದು. ಆದರೆ ಕಿವಿ ಮರೆತಿರುವುದಿಲ್ಲ. ಮ್ಯೂಸಿಕಲ್‌ಗೆ ಬಿಡಿ ಹಾಡಿಗಿಂತ ಜಾಸ್ತಿ ಬಲ ಬರುವುದು ಇಲ್ಲೇ ಅಂತ ನನ್ನ ನಂಬಿಕೆ. ಅದಕ್ಕೆ ನಮ್ಮ ಜೊತೆ ಎರಡು ಮೂರು ಗಂಟೆ ಸಮಯ ಇರುತ್ತದೆ. ಸುಖದಲ್ಲಿ ಕೇಳಿಸಿದ ರಾಗವನ್ನು ಎತ್ತಿಟ್ಟುಕೊಂಡು ದುಃಖದಲ್ಲಿ ವಾಪಸ್ ಕೊಡಬಹುದು.

ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ‘ರೆಂಟ್’. ಮೊದಲ ಅಂಕದಲ್ಲಿ ಕಾಲಿನ್ಸ್ ಮತ್ತು ಏಂಜೆಲ್ ‘ಐ ವಿಲ್ ಕವರ್ ಯೂ’ ಅಂತ ಕುಣಿಯುತ್ತಾ ಹಾಡುತ್ತಾರೆ. ಹೊಸ ಪ್ರೀತಿಯ ಹಾಡು. ಎರಡನೇ ಅಂಕದಲ್ಲಿ ಏಂಜೆಲ್ ಏಡ್ಸ್‌ನಿಂದ ಸತ್ತ ಮೇಲೆ ಅದೇ ಹಾಡನ್ನು ಕಾಲಿನ್ಸ್ ಒಬ್ಬನೇ ನಿಧಾನವಾಗಿ ಶುರು ಮಾಡುತ್ತಾನೆ. ಇಬ್ಬರ ಹಾಡಿನಲ್ಲಿ ಒಬ್ಬರ ದನಿ ಇಲ್ಲ. ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆ ನಾಟಕ ಬರೆದ ಜೊನಾಥನ್ ಲಾರ್ಸನ್ 1996ರ ಜನವರಿ 25ರಂದು ಬೆಳಗಿನ ಜಾವ ತೀರಿಕೊಂಡರು. ಮೊದಲ ಪ್ರದರ್ಶನ ಅದೇ ರಾತ್ರಿ ಇತ್ತು. ಅವರಿಗೆ 35 ವರ್ಷ. ಪ್ರದರ್ಶನ ನಿಲ್ಲಿಸಿ, ಮನೆಯವರು ಗೆಳೆಯರ ಮುಂದೆ ಕಲಾವಿದರು ಕೂತಲ್ಲೇ ಹಾಡಿಬಿಡುವುದು ಅಂತ ನಿರ್ಧಾರವಾಯಿತು. ಮೊದಲ ಅಂಕದ ಕೊನೆಯ ‘ಲಾ ವೀ ಬೊಹೆಮ್’ ಬರುವ ಹೊತ್ತಿಗೆ ಅವರಿಗೆ ಕೂತಿರಲು ಆಗಲಿಲ್ಲ, ಎದ್ದು ಕುಣಿದರು. ಆಮೇಲೆ ಎರಡನೇ ಅಂಕವನ್ನೂ, ಆ ಸಾವಿನ ಹಾಡನ್ನೂ ಹಾಡಿದರು. ನೀವು ‘ಹೇಗೆ ಹಾಡುತ್ತಾರೆ’ ಅಂದಾಗ ನನಗೆ ಮೊದಲು ನೆನಪಾಗಿದ್ದು ಅವರೇ.

ಹಾಡಲು ಆಗದೇ ಹೋದದ್ದೂ ಇದೆ. ‘ವೆಸ್ಟ್ ಸೈಡ್ ಸ್ಟೋರಿ’ಯ ಕೊನೆಯಲ್ಲಿ ಪ್ರಿಯಕರ ಟೋನಿಯ ಹೆಣದ ಮುಂದೆ ಮರಿಯಾ ಪಿಸ್ತೂಲು ಹಿಡಿದು ನಿಲ್ಲುತ್ತಾಳೆ. ಅಲ್ಲಿ ಹಾಡಿಲ್ಲ, ಬರೀ ಮಾತು. ಆ ನಾಟಕಕ್ಕೆ ಸಂಗೀತ ಕೊಟ್ಟ ಲಿಯೊನಾರ್ಡ್ ಬರ್ನ್‌ಸ್ಟೀನ್ ಆ ಜಾಗಕ್ಕೆ ಸಂಗೀತ ಕೂಡಿಸಲು ಮತ್ತೆ ಮತ್ತೆ ಪ್ರಯತ್ನಿಸಿ ಕೈಬಿಟ್ಟರು. 1957ರಿಂದ ಇವತ್ತಿನವರೆಗೂ ಅದು ಮಾತಾಗಿಯೇ ಉಳಿದಿದೆ. ಹಾಡು ಇಲ್ಲದ್ದೇ ಅಲ್ಲಿ ಎದೆಗೆ ಗುದ್ದುತ್ತದೆ.

ಹಾಗಾಗಿ ನಿಮ್ಮ ದನಿ ನಿಂತರೆ ಅದು ಆ ಹಾಡಿಗೆ ಹೊರಗಿನದು ಅಂತ ಅಂದುಕೊಳ್ಳಬೇಡಿ. ನಿಮಗೆ ಪಿಯಾನೋ ನುಡಿಸುವವರ ಜೊತೆ ಒಂದು ಸಲ ಕೂತು ಮಾತಾಡಿ. 2012ರ ‘ಲೇ ಮಿಸರಾಬ್ಲ್’ ಸಿನಿಮಾದಲ್ಲಿ ನಟರು ಸೆಟ್ಟಿನಲ್ಲೇ ನೇರವಾಗಿ ಹಾಡಿದರು. ಕಿವಿಯಲ್ಲಿ ಪಿಯಾನೋ ಮಾತ್ರ ಕೇಳುತ್ತಿತ್ತು, ಆರ್ಕೆಸ್ಟ್ರಾವನ್ನು ಆಮೇಲೆ ಸೇರಿಸಿದರು. ಹಾಗಾಗಿ ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಅನ್ನುವುದು ನಟರ ಕೈಯಲ್ಲಿತ್ತು, ಪಿಯಾನೋ ಅವರ ಹಿಂದೆ ಬರುತ್ತಿತ್ತು. ನಿಮಗೂ ಅಂಥ ಪಕ್ಕವಾದ್ಯ ಬೇಕು. ರೆಕಾರ್ಡ್ ಮಾಡಿದ ಟ್ರ್ಯಾಕ್‌ಗೆ ದಯವಿಟ್ಟು ಹಾಡಬೇಡಿ. ಅದು ನಿಮಗಾಗಿ ಕಾಯುವುದಿಲ್ಲ.

ಬೆಳಗಿನ_ನಡಿಗೆ ಉತ್ತರಿಸಿದ್ದು:

ನಾನು ಹಾಡುವವಳಲ್ಲ, ಕೇಳುವವಳು. ನನ್ನ ಮಗ ಹೋಗಿ ಕೆಲವು ವರ್ಷ ಆಯಿತು. ಬಲ ಯಾಕೆ ಅಂತ ನೀವು ಕೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಉತ್ತರ.

‘ಹ್ಯಾಮಿಲ್ಟನ್’ನಲ್ಲಿ ‘ಇಟ್ಸ್ ಕ್ವಾಯಟ್ ಅಪ್‌ಟೌನ್’ ಇದೆ. ನಾಟಕದ ನಾಯಕ ಹ್ಯಾಮಿಲ್ಟನ್‌ನ ಮಗ ಫಿಲಿಪ್ 1801ರಲ್ಲಿ ದ್ವಂದ್ವಯುದ್ಧದಲ್ಲಿ ಸಾಯುತ್ತಾನೆ, 19 ವರ್ಷದ ಹುಡುಗ. ಆಮೇಲೆ ಬರುವ ಹಾಡು ಅದು. ತಾಯಿ ಎಲೈಜಾ ಹೆಚ್ಚು ಹೊತ್ತು ಬಾಯಿಯನ್ನೇ ಬಿಡುವುದಿಲ್ಲ. ಅವಳ ಅಕ್ಕ ಹಾಡುತ್ತಾಳೆ, ಊರಿನ ಜನ ಹಾಡುತ್ತಾರೆ. ಬೀದಿಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ಹೋಗುವ ಅಪ್ಪನನ್ನು ಕಂಡರೆ ಕನಿಕರ ಇರಲಿ ಅನ್ನುತ್ತಾರೆ.

ಮಗ ಹೋದ ಮೇಲೆ ಜನ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಏನು ಮಾತಾಡಬೇಕು ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಈ ಹಾಡು ಆ ಜನರನ್ನೇ ಸ್ಟೇಜಿನ ಮೇಲೆ ತಂದು ನಿಲ್ಲಿಸಿತು. ಅವರು ದೂರ ಹೋಗಲಿಲ್ಲ. ನಿಂತು, ಇದಕ್ಕೆ ಮಾತಿಲ್ಲ ಅಂತ ಒಪ್ಪಿಕೊಂಡರು. ನನಗೆ ಬೇಕಾಗಿದ್ದದ್ದು ಅಷ್ಟೇ. ಸಮಾಧಾನ ಹೇಳುವ ಹಾಡುಗಳನ್ನು ನನಗೆ ಆಗ ಕೇಳಲು ಆಗುತ್ತಿರಲಿಲ್ಲ. ಇದನ್ನು ಕೇಳಬಹುದಿತ್ತು, ಇದು ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ.

ನಿಮ್ಮ ಗೆಳೆಯನ ಮನೆಯವರು ಆ ಸಂಜೆ ಬರುತ್ತಾರಾ? ಬರುವುದಾದರೆ ನೀವು ಯಾವ ಹಾಡು ಹಾಡುತ್ತೀರಿ ಅಂತ ಮೊದಲೇ ತಿಳಿಸಿ. ತಯಾರಿಲ್ಲದೆ ಕೂತಿರುವಾಗ ಅದು ಬಂದರೆ ಬಹಳ ಕಷ್ಟ.

ಮೂರನೇ_ಬೆಲ್ ಉತ್ತರಿಸಿದ್ದು:

ಎಲ್ಲರೂ ಪ್ರೀತಿಸಿದವರ ಬಗ್ಗೆ ಬರೆದಿದ್ದೀರಿ. ಇನ್ನೊಂದು ಬಗೆಯದೂ ಇದೆ, ಅದನ್ನೂ ಸೇರಿಸುತ್ತೇನೆ. ‘ಡಿಯರ್ ಇವಾನ್ ಹ್ಯಾನ್ಸನ್’ನ ‘ರೆಕ್ವಿಯಂ’. ಹುಡುಗ ತೀರಿಕೊಂಡಿದ್ದಾನೆ. ಬದುಕಿದ್ದಾಗ ಅವನಿಂದ ನೋವು ತಿಂದ ತಂಗಿ, ನಾನು ಅವನಿಗಾಗಿ ಅಳುವುದಿಲ್ಲ ಅಂತ ಹಾಡುತ್ತಾಳೆ. ನನ್ನ ಅಣ್ಣನ ಸಾವಿನ ನಂತರ ನನ್ನ ಮನಸ್ಸಿನಲ್ಲಿದ್ದದ್ದು ಸರಿಯಾಗಿ ಅದೇ, ಯಾರಿಗೂ ಹೇಳಲು ಆಗಿರಲಿಲ್ಲ. ಅಳುವುದಿಲ್ಲ ಅನ್ನುವ ಹಾಡು ಕೇಳಿ ನಾನು ಮೊದಲ ಸಲ ಅತ್ತೆ.

ಆದರೆ ಎಲ್ಲ ದುಃಖದ ಹಾಡಿಗೂ ಈ ಬಲ ಇದೆ ಅಂತ ನಾನು ಒಪ್ಪುವುದಿಲ್ಲ. ಎಷ್ಟೋ ಕಡೆ ವಯಲಿನ್‌ಗಳು ಏರಿ ‘ಈಗ ಅಳಿ’ ಅಂತ ಒತ್ತಾಯ ಮಾಡುತ್ತವೆ. ಅಲ್ಲಿ ನನ್ನ ಮನಸ್ಸು ಮುಚ್ಚಿಕೊಳ್ಳುತ್ತದೆ. ನಿಮ್ಮ ಹಾಡು ಹಾಗಲ್ಲ. ಅದು ಮೇಲೇರಿದರೂ ಮತ್ತೆ ಕೆಳಗಿಳಿದು ಸಣ್ಣ ದನಿಯಲ್ಲೇ ಮುಗಿಯುತ್ತದೆ, ಅಲ್ವಾ?

ಟೆನರ್_ಸಾಲಿನವ ಮತ್ತೆ ಬರೆದದ್ದು:

ಎಲ್ಲರಿಗೂ ಮನಸಾರೆ ಧನ್ಯವಾದ. ಬೆಳಗಿನ_ನಡಿಗೆ ಅವರೇ, ನೀವು ಬರೆದದ್ದನ್ನು ಬಹಳ ಸಲ ಓದಿದೆ. ಅವನ ಹೆಂಡತಿ ಬರುತ್ತಾರೆ. ಇವತ್ತೇ ಫೋನ್ ಮಾಡಿ ಹಾಡಿನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಹಾಡಿ, ಆದರೆ ಅವನ ಹೆಸರನ್ನು ಮೈಕಿನಲ್ಲಿ ಹೇಳಬೇಡಿ ಅಂದರು. ಹೇಳುವುದಿಲ್ಲ.

ಮಂದ್ರಸ್ವರ ಅವರೇ, ಬರೀ ಮಾತಿನಲ್ಲಿ ಹೇಳುವ ಅಭ್ಯಾಸ ಶುರು ಮಾಡಿದ್ದೇನೆ. ಕಷ್ಟ ಇದೆ. ಆದರೆ ‘ಕೇಳುವುದು’ ಅಂತ ನೀವು ಹೇಳಿದ ಮೇಲೆ ಒಂದು ಬದಲಾವಣೆ ಆಗಿದೆ. ಮೊದಲು ನಾನು ಆ ಸಾಲಿಗೆ ಹೆದರಿ ಕಾಯುತ್ತಿದ್ದೆ. ಈಗ ಅವನಿಗೆ ಹೇಳಬೇಕಾದ ಮಾತು ನನಗೂ ಇದೆ ಅನ್ನಿಸುತ್ತದೆ.

ಇನ್ನೊಂದು ಸಲಹೆ ಬೇಕು. ಸ್ಟೇಜಿನ ಮೇಲೆ ಒಂದು ಖಾಲಿ ಕುರ್ಚಿ ಇಡೋಣ ಅಂತ ತಂಡದವರು ಹೇಳುತ್ತಿದ್ದಾರೆ. ಇಡಬಹುದಾ? ಮತ್ತೆ ಶ್ರುತಿ ಇಳಿಸಿಕೊಂಡರೆ ತಪ್ಪಾ? ಮೇಲಿನ ಸ್ವರಗಳಿಗೆ ಹೋದಾಗ ಗಂಟಲಿಗೆ ಜಾಗವೇ ಇರುವುದಿಲ್ಲ.

ಮಂದ್ರಸ್ವರ ಉತ್ತರಿಸಿದ್ದು:

ಕುರ್ಚಿ ಬೇಡ. ಹಾಡಿನ ಮಾತಿನಲ್ಲೇ ಕುರ್ಚಿ ಇದೆ, ಕೇಳುವವರು ತಮ್ಮ ತಮ್ಮದನ್ನು ನೋಡಿಕೊಳ್ಳುತ್ತಾರೆ. ನೀವು ಒಂದು ಇಟ್ಟರೆ ಎಲ್ಲರೂ ಅದನ್ನೇ ನೋಡಬೇಕಾಗುತ್ತದೆ, ಅವರ ಹೆಂಡತಿಯೂ.

ಶ್ರುತಿ ಖಂಡಿತ ಇಳಿಸಿ. ಒಂದು ಸ್ವರ ಇಳಿಸಿ ಹಾಡಿ ನೋಡಿ. ಆದರೆ ಅದಕ್ಕಿಂತ ಕೆಳಗೆ ಹೋಗಬೇಡಿ. ಶುರುವಿನ ಸಾಲುಗಳು ಆಗಲೇ ತಗ್ಗಿನಲ್ಲಿವೆ, ಇನ್ನೂ ಇಳಿದರೆ ಮಾತು ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಈ ವಾರವೇ ನಿರ್ಧಾರ ಮಾಡಿ ಪಿಯಾನೋದವರಿಗೆ ತಿಳಿಸಿ, ಅವರಿಗೂ ಹೊಸ ಶ್ರುತಿಯಲ್ಲಿ ಕೈ ಕೂರಬೇಕು. ಮತ್ತೆ ಆ ದೊಡ್ಡ ಉಸಿರಿನ ಜಾಗವನ್ನು ಅವರ ಹಾಳೆಯಲ್ಲೂ ಗುರುತು ಮಾಡಿಸಿ.